ಸಂಜೆಯವರೆಗೆ ಸ್ಕೋರು ಹೇಳಬಾರದು

ಥಾರ್ನ್ಲಿ, ಪರ್ತ್

ಆಸ್ಟ್ರೇಲಿಯಾಕ್ಕೆ ಹೋಗಿ ಬಂದವನನ್ನು ಊರಿನವರು ಮೊದಲು ಕೇಳುವುದು ಕಾಂಗರೂ ನೋಡಿದಿರಾ ಎಂದು. ನೋಡಿದೆ. ರಸ್ತೆ ಬದಿಯಲ್ಲಿ ಸತ್ತು ಬಿದ್ದದ್ದು ಎರಡು, ಜೀವಂತ ಒಂದು. ಅದಕ್ಕಿಂತ ಹೆಚ್ಚು ಹೇಳಲು ನನ್ನಲ್ಲಿ ಏನೂ ಇಲ್ಲ. ನಾನು ಹೋದದ್ದು ಮಿಲೊರಾಡ್ ಎಂಬ ಹಳೆಯ ಸ್ನೇಹಿತನನ್ನು ನೋಡಲು. ನೋಡಿಕೊಂಡು ಬಂದದ್ದು ಮಾತ್ರ ಅವನ ದೇಶ ಫುಟ್‌ಬಾಲಿನಲ್ಲಿ ಸೋಲುವುದನ್ನು; ಅದೂ ಮೂರು ಊರುಗಳಲ್ಲಿ ಕೂತು, ಮೂರು ಸಲ.

ಮಿಲೊರಾಡ್ ಸೆರ್ಬಿಯಾದವನು. ಬಹರೈನಿನ ಹಡಗು ರಿಪೇರಿ ಯಾರ್ಡಿನಲ್ಲಿ ಅವನು ವೆಲ್ಡರ್, ನಾನು ಸ್ಟೋರ್‌ಕೀಪರ್. ಒಂಬತ್ತು ವರ್ಷ ಒಂದೇ ಕೋಣೆ. ಶುಕ್ರವಾರ ಸಂಜೆ ಯಾರ್ಡಿನ ಹಿಂದಿನ ಮರಳಿನ ಮೈದಾನದಲ್ಲಿ ನಾನು ಗೋಲ್‌ಕೀಪರ್, ನನ್ನ ಮುಂದೆ ಅವನು ಡಿಫೆಂಡರ್. ಗೋಲು ಬಿದ್ದರೆ ತಪ್ಪು ಯಾವತ್ತೂ ನನ್ನದೇ. ಆಮೇಲೆ ಅವನು ಹೆಂಡತಿ ಮಕ್ಕಳನ್ನು ಕರೆದುಕೊಂಡು ಪರ್ತ್ ಸೇರಿದ. ನಾನು ಮಂಗಳೂರಿಗೆ ವಾಪಸಾಗಿ, ಜಿಲ್ಲಾ ಲೀಗಿನಲ್ಲಿ ರೆಫರಿಯಾಗಿ ಸೀಟಿ ಊದುತ್ತಾ ಮುದುಕನಾದೆ. ಈ ವರ್ಷ ಅವನ ಹೃದಯದ ಕವಾಟ ಕೆಟ್ಟಿತು. "ನವೆಂಬರಿನಲ್ಲಿ ಎದೆ ಕೊಯ್ತಾರೆ, ಅದಕ್ಕೆ ಮೊದಲು ಬಾ. ವಿಶ್ವಕಪ್ಪಿನ ಅರ್ಹತಾ ಪಂದ್ಯಗಳೂ ಇವೆ," ಎಂದು ಫೋನ್ ಮಾಡಿದ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದು ಅವನ ಸ್ವಭಾವ.

ಉಳಿದುಕೊಂಡದ್ದು ವೀಣಾಳ ಮನೆಯಲ್ಲಿ. ವೀಣಾ ಮೈಸೂರಿನವಳು, ಪರ್ತಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರ್. ಅವಳ ತಂದೆ ಬ್ಯಾಂಕ್ ಕೆಲಸದ ಮೇಲೆ ಮಂಗಳೂರಿನಲ್ಲಿದ್ದಾಗ ನಮ್ಮ ತಂಡದ ಲೆಫ್ಟ್ ಬ್ಯಾಕ್ ಆಗಿದ್ದವರು. ಮಿಲೊರಾಡ್‌ನ ಮನೆ ಅಲ್ಲಿಂದ ಕಾರಿನಲ್ಲಿ ಐದು ನಿಮಿಷ. ಅವನಲ್ಲೇ ಇರಬಹುದಿತ್ತು, ಆದರೆ ಅವನ ಗೊರಕೆಯನ್ನು ನಾನು ಒಂಬತ್ತು ವರ್ಷ ಕೇಳಿಯಾಗಿದೆ.

ನಾನು ತಲುಪಿದ ವಾರವೇ ಮೊಂತಿ ಹಬ್ಬ, ನಮ್ಮ ಕಥೋಲಿಕರ ತೆನೆಹಬ್ಬ, ಬಂತು. ಪರ್ತಿನ ಮಂಗಳೂರು ಕಥೋಲಿಕರು, ಹೆಚ್ಚಿನವರು ನನ್ನಂತೆಯೇ ಗಲ್ಫ್ ಸುತ್ತಿದವರು, ಭತ್ತದ ತೆನೆ ಸಿಗದೆ ಗೋಧಿ ತೆನೆಯನ್ನೇ ಆಶೀರ್ವದಿಸಿ ಹಂಚಿಕೊಂಡರು. ಮನೆಯವರೆಲ್ಲ ಒಟ್ಟಿಗೆ ಕೂತು ಹೊಸ ಅಕ್ಕಿ ಉಣ್ಣಬೇಕಾದ ದಿನವದು. ದೂರ ಇರುವವರಿಗೆ ತೆನೆಯನ್ನು ಅಂಚೆಯಲ್ಲಿ ಕಳಿಸುತ್ತೇವೆ ಎಂದು ಮಿಲೊರಾಡ್‌ಗೆ ವಿವರಿಸಿದೆ. "ಕಳಿಸಿದರೆ ಅವರು ತಿಂತಾರಾ?" ಎಂದು ಕೇಳಿದ. ತಿನ್ನುತ್ತಾರೆ ಎಂದೆ.

ಎರಡು ದಿನ ಬಿಟ್ಟು ಪಂದ್ಯ. ಯುರೋಪಿನಲ್ಲಿ ಆಟ ಶುರುವಾಗುವಾಗ ಪರ್ತಿನಲ್ಲಿ ಬೆಳಗಿನ ಜಾವ ಎರಡೂ ಮುಕ್ಕಾಲು. ಅಲ್ಲಿನ ಸೆರ್ಬಿಯನ್ ಗಂಡಸರು ವೆಲ್ಡರುಗಳು, ಲಾರಿ ಡ್ರೈವರುಗಳು, ಗಾರೆ ಕೆಲಸದವರು, ಆರಕ್ಕೆಲ್ಲ ಕೆಲಸದಲ್ಲಿರಬೇಕು. ಆದ್ದರಿಂದ ಒಂದು ಕಟ್ಟುಪಾಡು ಮಾಡಿಕೊಂಡಿದ್ದಾರೆ. ಆಟವನ್ನು ಯಾರೂ ನೇರವಾಗಿ ನೋಡುವುದಿಲ್ಲ. ರೆಕಾರ್ಡ್ ಮಾಡಿಟ್ಟು, ಸಂಜೆ ಐದೂವರೆಗೆ ಮಿಲೊರಾಡ್‌ನ ಮನೆಯಲ್ಲಿ ಸೇರಿ ನೋಡುತ್ತಾರೆ. ಅಲ್ಲಿಯವರೆಗೆ ಸ್ಕೋರು ಕೇಳಬಾರದು, ಹೇಳಬಾರದು, ರೇಡಿಯೋ ಹಾಕಬಾರದು. ಮನೆಗೆ ಬಂದವರು ಬಾಗಿಲ ಪಕ್ಕದ ಬಿಸ್ಕತ್ತಿನ ತಗಡಿನ ಡಬ್ಬಿಗೆ ಫೋನ್ ಹಾಕಿ ಮುಚ್ಚಳ ಒತ್ತಬೇಕು. ನಾವು ಚಪ್ಪಲಿ ಬಿಟ್ಟು ಒಳಗೆ ಬರುವ ಹಾಗೆ ಅವರು ಫೋನ್ ಬಿಟ್ಟು ಬರುತ್ತಾರೆ.

ಇದೆಲ್ಲ ನನಗೆ ಗೊತ್ತಾದದ್ದು ತಡವಾಗಿ. ನಾನಾಗಲೇ ವೀಣಾಳ ಮನೆಯಲ್ಲಿ ಹೊದಿಕೆಯೊಳಗೆ ಫೋನ್ ಹಿಡಿದು ಇಡೀ ಆಟ ನೋಡಿ ಮುಗಿಸಿದ್ದೆ. ಸ್ವಂತ ನೆಲದಲ್ಲಿ ಸೆರ್ಬಿಯಾಕ್ಕೆ ಐದು ಗೋಲು ಬಿದ್ದಿದ್ದವು. ಒಂದೂ ಹೊಡೆಯಲಾಗಿರಲಿಲ್ಲ.

ಬೆಳಿಗ್ಗೆ ವೀಣಾ ನನ್ನ ಮುಖ ನೋಡಿ, "ಅಂಕಲ್, ರಾತ್ರಿಯೆಲ್ಲ ಮ್ಯಾಚ್ ನೋಡಿದ್ರಾ? ಕಣ್ಣು ಹೆಂಗಾಗಿದೆ ನೋಡ್ಕೊಳ್ಳಿ. ಆರ್ವೋ ನಾನೇ ಡ್ರಾಪ್ ಮಾಡ್ತೀನಿ, ಅಲ್ಲೀವರ್ಗೂ ಮಲ್ಕೊಂಡ್ಬಿಡಿ," ಎಂದಳು. ಆರ್ವೋ ಅಂದರೆ ಅಲ್ಲಿನವರ ಬಾಯಲ್ಲಿ ಮಧ್ಯಾಹ್ನ. ಅವಳ ಒಂಬತ್ತು ವರ್ಷದ ಮಗಳು ಇದನ್ನೆಲ್ಲ ಕನ್ನಡದಲ್ಲಿ ಕೇಳಿಸಿಕೊಂಡು, "ಹೀ ಲುಕ್ಸ್ ಲೈಕ್ ಹೀ ಲಾಸ್ಟ್," ಎಂದು ಇಂಗ್ಲಿಷಿನಲ್ಲಿ ತೀರ್ಪು ಕೊಟ್ಟಿತು.

ಸಂಜೆ ಹನ್ನೊಂದು ಜನ ಗಂಡಸರು ಕೆಂಪು ಅಂಗಿ ಹಾಕಿಕೊಂಡು ಟಿವಿಯ ಮುಂದೆ ಸೇರಿದ್ದರು. ಪ್ಲಮ್ ಹಣ್ಣಿನ ಸಾರಾಯಿ ಸಣ್ಣ ಗ್ಲಾಸುಗಳಲ್ಲಿ ಬಂತು. ನಮ್ಮ ಗೇರುಹಣ್ಣಿನದ್ದನ್ನು ಕುಡಿದವನಿಗೆ ಅದರಲ್ಲಿ ಹೊಸತೇನೂ ಇಲ್ಲ. ರಾಷ್ಟ್ರಗೀತೆ ಬಂದಾಗ ಎಲ್ಲರೂ ಎದ್ದು ಎದೆಯ ಮೇಲೆ ಕೈ ಇಟ್ಟು ಹಾಡಿದರು. ಹದಿಮೂರು ಗಂಟೆಗಳ ಹಿಂದೆ ಮುಗಿದುಹೋದ ಪಂದ್ಯಕ್ಕೆ ಒಬ್ಬ ಶಿಲುಬೆಯ ಗುರುತು ಹಾಕಿ ಪ್ರಾರ್ಥಿಸಿದ. ನಾನು ಟಿವಿ ಬಿಟ್ಟು ಗ್ಲಾಸಿನ ತಳ ನೋಡತೊಡಗಿದೆ.

ಬ್ರಾಂಕೊ ಎಂಬ ದಪ್ಪ ಮೀಸೆಯವನು ನನ್ನ ಕಡೆ ತಿರುಗಿದ. "ಈ ಇಂಡಿಯನ್ ಮುಖ ನೋಡ್ರೋ. ಇವನಿಗೆ ಗೊತ್ತು!"

ಹನ್ನೊಂದೂ ತಲೆಗಳು ನನ್ನ ಕಡೆ ತಿರುಗಿದವು. ನಾನು ನಕ್ಕೆ. ಅದು ಇನ್ನೂ ದೊಡ್ಡ ತಪ್ಪಾಯಿತು. "ನಗ್ತಿದ್ದಾನೆ! ಗೆದ್ದಿದೀವಿ!" ಎಂದು ಒಬ್ಬ, "ಆ ನಗು ನೋಡು, ಸೋತಿದೀವಿ," ಎಂದು ಇನ್ನೊಬ್ಬ. ಕೊನೆಗೆ ಮಿಲೊರಾಡ್ ಎದ್ದು ನನ್ನ ತೋಳು ಹಿಡಿದು ಅಡುಗೆಮನೆಗೆ ತಳ್ಳಿ ಬಾಗಿಲು ಹಾಕಿದ. ಜೀವಮಾನವೆಲ್ಲ ಬೇರೆಯವರಿಗೆ ರೆಡ್ ಕಾರ್ಡ್ ತೋರಿಸಿದವನನ್ನು ಆಟ ಶುರುವಾಗುವ ಮೊದಲೇ ಹೊರಗೆ ಹಾಕಿದರು.

ಅಡುಗೆಮನೆಯಲ್ಲಿ ಬ್ರಾಂಕೊನ ಹೆಂಡತಿ ವೆರಾ ಕೋಸು ಹೆಚ್ಚುತ್ತಿದ್ದಳು. ನನಗೂ ಒಂದು ಚಾಕು ಕೊಟ್ಟಳು. ಮಿಲೊರಾಡ್‌ನ ಹೆಂಡತಿ ಮಿರಾ ಏಳು ವರ್ಷದ ಹಿಂದೆ ತೀರಿಕೊಂಡದ್ದು ನನಗೆ ಗೊತ್ತಿತ್ತು. ಹೇಗೆ ಎಂಬುದನ್ನು ವೆರಾ ಹೇಳಿದಳು. ಯಾವುದೋ ಸಣ್ಣ ಆಪರೇಷನ್ನಿಗೆಂದು ಆಸ್ಪತ್ರೆ ಸೇರಿದ್ದಳು, ಎರಡು ದಿನದಲ್ಲಿ ಮನೆಗೆ ಬರುವವಳಿದ್ದಳು. ಮಗ ನಿಕೊಲಾ ಅವಳ ಪಕ್ಕದಲ್ಲಿದ್ದ. ಆ ಸಂಜೆ ಇಲ್ಲಿ ಇಂಥದ್ದೇ ಒಂದು ಅರ್ಹತಾ ಪಂದ್ಯದ ರೆಕಾರ್ಡಿಂಗ್ ಓಡುತ್ತಿತ್ತು. ಮಿರಾಳ ಸ್ಥಿತಿ ಇದ್ದಕ್ಕಿದ್ದಂತೆ ಕೆಟ್ಟಿತು. ನಿಕೊಲಾ ಅಪ್ಪನಿಗೆ ಹದಿನಾಲ್ಕು ಸಲ ಫೋನ್ ಮಾಡಿದ. ಫೋನು ಡಬ್ಬಿಯಲ್ಲಿತ್ತು.

"ಅವತ್ತು ನಾವು ಗೆದ್ದಿದ್ವಿ," ಎಂದಳು ವೆರಾ. "ಇವರೆಲ್ಲ ಹಾಡ್ತಾ ಇದ್ದರು. ನಾನೂ ಹಾಡಿದೆ. ಹಾಡಿ ಮುಗಿಸಿ ಡಬ್ಬಿ ತೆಗೆದರೆ ಅವಳು ಹೋಗಿ ಅರ್ಧ ಗಂಟೆ ಆಗಿತ್ತು."

"ಆದರೂ ಡಬ್ಬಿ ಇನ್ನೂ ಬಾಗಿಲಲ್ಲೇ ಇದೆಯಲ್ಲ?"

"ಎಸೆದುಬಿಡು ಅಂತ ನಾನೇ ಹೇಳಿದೆ. ಎಸೆದರೆ ತಪ್ಪು ಒಪ್ಪಿಕೊಂಡ ಹಾಗೆ ಆಗುತ್ತೆ ಅಂತಾನೆ. ನಿಕೊಲಾ ಮಣ್ಣು ಮಾಡಿದ ಮಾರನೇ ವಾರ ಅಡಿಲೇಡಿಗೆ ಹೋದ. ಇವತ್ತಿನವರೆಗೆ ಅಪ್ಪನ ಹತ್ತಿರ ಮಾತಾಡಿಲ್ಲ."

ಹೊರಗಿನ ಕೂಗು ಒಂದೊಂದು ಗೋಲಿಗೂ ಕಡಿಮೆಯಾಗುತ್ತಾ ಹೋಗಿ, ಐದನೆಯದಕ್ಕೆ ಟಿವಿಯವನ ದನಿಯೊಂದೇ ಉಳಿಯಿತು. ಎಲ್ಲರೂ ಹೋದ ಮೇಲೆ ಮಿಲೊರಾಡ್ ಗ್ಲಾಸು ತೊಳೆಯಲು ಬಂದ. ನನ್ನ ಕಡೆ ಬೆನ್ನು ಹಾಕಿ ನಿಂತ.

"ನಿನಗೆ ಗೊತ್ತಿತ್ತು."

"ಗೊತ್ತಿತ್ತು."

"ಹೇಳಲಿಲ್ಲ, ಒಳ್ಳೇದು ಮಾಡಿದೆ. ಬೆಳಿಗ್ಗೆಯಿಂದ ಸಂಜೆವರೆಗೆ ನಾವು ಸೋತಿರಲಿಲ್ಲ." ಒಂದು ಗ್ಲಾಸು ತೊಳೆದು ಬೋರಲು ಹಾಕಿ ಮತ್ತೆ ಹೇಳಿದ: "ನೀನು ಬ್ರಿಸ್ಬೇನಿಗೆ, ನನ್ನ ಮಗಳ ಹತ್ತಿರ ಹೋಗ್ತೀಯಲ್ಲ. ಆಮೇಲೆ ಅಡಿಲೇಡಿಗೂ ಹೋಗು. ನಿಕೊಲಾನ ಕರ್ಕೊಂಡು ಬಾ. ಎದೆ ಕೊಯ್ಯೋ ದಿನ ಅವನು ಇಲ್ಲಿರಲಿ. ನನಗೆ ಬೇರೆ ಏನೂ ಬೇಡ."

ಸೇಂಟ್ ಲೂಸಿಯಾ, ಬ್ರಿಸ್ಬೇನ್

ಮಿಲೊರಾಡ್‌ನ ಮಗಳು ಯೆಲೆನಾ ಬ್ರಿಸ್ಬೇನಿನ ವಿಶ್ವವಿದ್ಯಾಲಯದಲ್ಲಿ ಸಂಶೋಧಕಿ, ಏನೋ ಹುಳುಗಳ ಬಗ್ಗೆ. ಬಹರೈನಿಗೆ ಬೇಸಿಗೆ ರಜೆಗೆ ಬಂದಿದ್ದಾಗ ನನ್ನ ಗ್ಲೌಸ್ ಹಾಕಿಕೊಂಡು ಓಡಾಡುತ್ತಿದ್ದ ಪುಟ್ಟ ಹುಡುಗಿ ಈಗ ನನಗಿಂತ ಎತ್ತರ. ಫೆರಿ ಇಳಿದು ಅವಳ ಮನೆಗೆ ಹೋಗುವಾಗ ದಾರಿಯಲ್ಲಿ ಗುಲಾಬಿ ಕೊಂಡೆ. ಸರಿಯಾಗಿ ಒಂದು ಡಜನ್.

ಬಾಗಿಲಲ್ಲಿ ಅವಳು ಮೂರು ಸಲ ಕೆನ್ನೆಗೆ ಕೆನ್ನೆ ತಾಗಿಸಿ, ಹೂ ತೆಗೆದುಕೊಂಡು, ತುಟಿ ಅಲುಗಿಸಿ ಎಣಿಸಿದಳು. ಒಂದನ್ನು ಎಳೆದು ತೆಗೆದು ಹೊರಗಿನ ಕಸದ ಡಬ್ಬಕ್ಕೆ ಹಾಕಿ ಬಂದಳು.

"ತಪ್ಪು ತಿಳ್ಕೊಬೇಡಿ ಚಿಕಾ. ಸಮಸಂಖ್ಯೆಯ ಹೂ ನಾವು ಗೋರಿಗೆ ಒಯ್ಯೋದು."

ಚಿಕಾ ಎಂದರೆ ಅವರಲ್ಲಿ ಅಪ್ಪನ ಸ್ನೇಹಿತನನ್ನು ಕರೆಯುವುದು. ನಾನು ಕಕ್ಕಾಬಿಕ್ಕಿಯಾದೆ. ನಮ್ಮಲ್ಲಿ ಮುಯ್ಯಿಗೆ ನೂರಕ್ಕೆ ಒಂದು ಸೇರಿಸಿ ನೂರಾ ಒಂದು ಕೊಡುತ್ತೇವಲ್ಲ, ಆ ಬುದ್ಧಿ ಹೂವಿನ ಅಂಗಡಿಯಲ್ಲಿ ಯಾಕೆ ಬರಲಿಲ್ಲವೋ. ಹುಳುಗಳ ವಿಜ್ಞಾನಿಯೂ ಎಣಿಸುತ್ತಾಳೆ ಎಂದರೆ ಉಳಿದವರ ಕಥೆ ಏನು ಎಂದು ಆಗಲೇ ಯೋಚಿಸಬೇಕಿತ್ತು.

ಬ್ರಿಸ್ಬೇನಿನಲ್ಲಿ ರೆಕಾರ್ಡಿಂಗಿನ ತಾಪತ್ರಯ ಇಲ್ಲ. ಭಾನುವಾರ ಬೆಳಗಿನ ಜಾವ ನಾಲ್ಕೂ ಮುಕ್ಕಾಲಿಗೆ ಆಟ, ಎದುರಾಳಿ ಪಕ್ಕದ ಸಣ್ಣ ದೇಶ, ಹಳೆಯ ವೈರಿ. ಊರ ಹೊರಗಿನ ಸಭಾಂಗಣವೊಂದರಲ್ಲಿ ನೂರು ಜನ ಸೇರಿದ್ದರು. ಕೆನ್ನೆಗೆ ಕೆಂಪು, ನೀಲಿ, ಬಿಳಿ ಬಳಿದುಕೊಂಡ ಮಕ್ಕಳು ಸೆರ್ಬಿಯನ್ ಬೈಗುಳಗಳನ್ನು ಮಾತ್ರ ಸ್ಪಷ್ಟವಾಗಿ ಉಚ್ಚರಿಸುತ್ತಿದ್ದರು, ಉಳಿದ ಮಾತೆಲ್ಲ ಇಂಗ್ಲಿಷ್. ವೀಣಾಳ ಮಗಳಿಗೆ ಕನ್ನಡದ ಬೈಗುಳವೂ ಬಾರದು; ಆ ಲೆಕ್ಕದಲ್ಲಿ ಇವರು ನಮಗಿಂತ ಮುಂದಿದ್ದಾರೆ.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಕಿಟಕಿಯ ಹೊರಗೆ ಬೆಳಕಾಯಿತು. ಹಕ್ಕಿಗಳು ಕಿರುಚತೊಡಗಿದವು, ಅಲ್ಲಿನ ಹಕ್ಕಿಗಳಿಗೆ ಹಾಡುವುದು ಗೊತ್ತಿಲ್ಲ. ವಿರಾಮಕ್ಕೆ ಇನ್ನೇನು ಸೀಟಿ ಬೀಳಬೇಕು ಅನ್ನುವಾಗ ಒಂದು ಗೋಲು ಬಿತ್ತು, ಸೆರ್ಬಿಯಾದ ಬಲೆಗೆ. ಆಮೇಲೆ ಕೊನೆಯ ತನಕ ಏನೂ ಆಗಲಿಲ್ಲ. ನೂರು ಜನ ಒಟ್ಟಿಗೆ ಏನೂ ಆಗದಿರುವುದನ್ನು ನೋಡುವುದು ಎಷ್ಟು ಕಷ್ಟ ಎಂಬುದು ರೆಫರಿಯಾಗಿ ಮೈದಾನದ ನಡುವೆ ಓಡಿದವನಿಗೆ ಅದುವರೆಗೆ ತಿಳಿದಿರಲಿಲ್ಲ. ನನ್ನ ಪಕ್ಕದ ಮುದುಕ ಟೊಪ್ಪಿಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಅವನನ್ನು ನಗಿಸಲೆಂದು ಯೆಲೆನಾ ನನ್ನ ಹನ್ನೆರಡು ಗುಲಾಬಿಯ ಕಥೆ ಹೇಳಿದಳು. ಅವನು ನಗಲಿಲ್ಲ. ಎದ್ದು ಬೇರೆ ಕುರ್ಚಿಗೆ ಹೋಗಿ ಕೂತ. ಹೊರಡುವಾಗ ಯಾರೂ ನನಗೆ ಕೈ ಕೊಡಲಿಲ್ಲ. ದೇಶದ ಮಾನ ಕಳೆದವನು ಮಂಗಳೂರಿನ ಲ್ಯಾನ್ಸಿ, ಅಂದರೆ ನಾನು, ಎಂದು ಆ ಸಭಾಂಗಣದ ತೀರ್ಮಾನವಾಗಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಯೆಲೆನಾಳಿಗೆ ನನಗೆ ಒಪ್ಪಿಸಿದ ಕೆಲಸದ ಬಗ್ಗೆ ಹೇಳಿದೆ.

"ನನಗೆ ಇಬ್ಬರೂ ಫೋನ್ ಮಾಡ್ತಾರೆ," ಎಂದಳು. "ಅವನು ಹೇಗಿದ್ದಾನೆ ಅಂತ ಇವರು, ಇವರು ಹೇಗಿದ್ದಾರೆ ಅಂತ ಅವನು. ನನಗೂ ಸಾಕಾಗಿದೆ ಚಿಕಾ. ಆಪರೇಷನ್ ಆದ್ಮೇಲೆ ಒಂದು ತಿಂಗಳು ನೋಡ್ಕೊಳ್ಳೋಕೆ ನಾನೇ ಬರ್ತೀನಿ, ರಜೆ ಎಲ್ಲ ಅದಕ್ಕೇ ಇಟ್ಟಿದೀನಿ. ಆದರೆ ಆ ದಿನ ಅಪ್ಪನಿಗೆ ಬೇಕಾಗಿರೋದು ನಾನಲ್ಲ."

"ನಿಮ್ಮಪ್ಪ ಅವನ ಹತ್ತಿರ ಕ್ಷಮೆ ಕೇಳಿದ್ದಾನಾ?"

"ಕ್ಷಮೆಯಾ? ಏಳು ವರ್ಷದಿಂದ ಅಪ್ಪನ ಬಾಯಲ್ಲಿ ಅಮ್ಮನ ಹೆಸರೇ ಬಂದಿಲ್ಲ."

ನಾನು ಯೋಚಿಸಿ ನೋಡಿದೆ. ಪರ್ತಿನಲ್ಲಿ ಅಷ್ಟು ದಿನ ದಿನವೂ ಅವನ ಜೊತೆ ಕೂತಿದ್ದೆ. ನಾನೂ ಅವನ ಬಾಯಿಂದ ಆ ಹೆಸರು ಒಮ್ಮೆಯೂ ಕೇಳಿರಲಿಲ್ಲ.

ಸ್ಯಾಲಿಸ್‌ಬರಿ, ಅಡಿಲೇಡ್

ನಡುವೆ ಪರ್ತಿಗೆ ಹಿಂತಿರುಗಿ ಕೆಲವು ವಾರ ಮಿಲೊರಾಡ್‌ನ ಜೊತೆ ಆಸ್ಪತ್ರೆಯ ಪರೀಕ್ಷೆಗಳಿಗೆ ಓಡಾಡಿದೆ. ಆಪರೇಷನ್ ಸೋಮವಾರಕ್ಕೆ ಗೊತ್ತಾಯಿತು. ಅದಕ್ಕೆ ಮೂರು ದಿನ ಮೊದಲು, ಶುಕ್ರವಾರ, ಸೆರ್ಬಿಯಾಕ್ಕೆ ಉಳಿದಿದ್ದ ಕೊನೆಯ ಆಸೆಯ ಪಂದ್ಯ. ಸೋತರೆ ವಿಶ್ವಕಪ್ ಇಲ್ಲ. ನಾನು ಮಂಗಳವಾರ ಅಡಿಲೇಡಿನಲ್ಲಿ ಇಳಿದೆ.

ವಿಮಾನ ನಿಲ್ದಾಣಕ್ಕೆ ನಿಕೊಲಾನೇ ಬಂದಿದ್ದ. ಸೈನ್ಯಕ್ಕೆ ಸಾಮಗ್ರಿ ಮಾಡುವ ಕಾರ್ಖಾನೆಯಲ್ಲಿ ಅಪ್ಪನಂತೆಯೇ ವೆಲ್ಡರ್. ಅಪ್ಪನದೇ ಅಗಲ ಹೆಗಲು, ಅಪ್ಪನ ಹಾಗೇ ಎಡಗಣ್ಣು ಸಣ್ಣ ಮಾಡಿ ನೋಡುವ ರೀತಿ. ಕಾರು ಹೊರಟು ಐದು ನಿಮಿಷವಾಗಿರಲಿಲ್ಲ, ತಡೆದುಕೊಳ್ಳಲಾರದೆ, "ನಿಮ್ಮಪ್ಪ ನಿನ್ನನ್ನು ಕರೆದುಕೊಂಡು ಬಾ ಅಂದಿದ್ದಾನೆ," ಎಂದುಬಿಟ್ಟೆ. ಅವನು ರೇಡಿಯೋ ಹಾಕಿದ. ಮನೆ ಬರುವ ತನಕ ಹವಾಮಾನ ವರದಿ ಕೇಳಿದೆವು.

ಮೂರು ದಿನ ನನ್ನನ್ನು ಚೆನ್ನಾಗಿ ನೋಡಿಕೊಂಡ. ಉದ್ದ ಹಿಡಿಯ ಸಣ್ಣ ಪಾತ್ರೆಯಲ್ಲಿ ಗಟ್ಟಿ ಕಾಫಿ ಮಾಡಿಕೊಟ್ಟ, ಹುರುಳಿಕಾಯಿ ಮಾಂಸ ಬೇಯಿಸಿದ, ನನ್ನ ಚಪ್ಪಲಿಯ ಪಟ್ಟಿ ಹರಿದದ್ದನ್ನು ಹೊಲಿದುಕೊಟ್ಟ. ಮನೆಯಲ್ಲಿ ಟಿವಿ ಇರಲಿಲ್ಲ. ಗೋಡೆಯ ಮೇಲೆ ಮಿರಾಳ ಫೋಟೋ ಇತ್ತು, ಕೆಳಗೆ ದೀಪ. ಅಪ್ಪನ ಕಾಲದ ಬಹರೈನಿನ ಕಥೆಗಳನ್ನು ಕೇಳಿ ನಗುತ್ತಿದ್ದ. ಆದರೆ "ಸೋಮವಾರ" ಎಂದು ನಾನು ಬಾಯಿ ತೆರೆದರೆ ಸಾಕು, ಎದ್ದು ಗಿಡಗಳಿಗೆ ನೀರು ಹಾಕಲು ಹೋಗುತ್ತಿದ್ದ. ಆ ಮೂರು ದಿನದಲ್ಲಿ ಅವನ ಹಿತ್ತಲು ಕೆಸರಾಯಿತು.

ಶುಕ್ರವಾರ ಬೆಳಿಗ್ಗೆ ಆರೂಕಾಲಿಗೆ ಆಟ. "ನೀವು ನೋಡ್ಬೇಕು ಅಂದ್ರೆ ಬಿಡ್ತೀನಿ," ಎಂದು ಸೆರ್ಬಿಯನ್ನರು ಸೇರುವ ಸಭಾಂಗಣಕ್ಕೆ ಕರೆದುಕೊಂಡು ಹೋದ. ತಾನು ಕಾರಿನಲ್ಲೇ ಉಳಿದ. ಒಳಗೆ ಕೆಲಸದ ಬಟ್ಟೆಯಲ್ಲೇ ಬಂದ ಜನ, ಸಾರಾಯಿಯ ಬದಲು ಕಾಫಿ, ಹಾಡು ಅಷ್ಟಕ್ಕಷ್ಟೇ. ಸೋಲನ್ನು ಮೊದಲೇ ಅರ್ಧ ನುಂಗಿಕೊಂಡು ಬಂದಿದ್ದರು. ವಿರಾಮದ ಹೊತ್ತಿಗೆ ಒಂದು ಗೋಲು ಹಿಂದೆ. ನಾನು ಎರಡು ಕಾಫಿ ಹಿಡಿದು ಕಾರಿಗೆ ಹೋದೆ.

ಅವನು ಕಾಫಿ ಕುಡಿದ. ಸ್ಕೋರು ಕೇಳಲಿಲ್ಲ. ಸ್ಟಿಯರಿಂಗ್ ನೋಡಿಕೊಂಡು ತಾನಾಗಿ ಮಾತು ತೆಗೆದ.

"ಅಮ್ಮನಿಗೆ ಎಚ್ಚರ ಇತ್ತು ಚಿಕಾ. ಅವಳಿಗೆ ಪ್ರಜ್ಞೆ ಇರಲಿಲ್ಲ ಅಂತ ಅಪ್ಪ ಎಲ್ಲರಿಗೂ ಹೇಳ್ಕೊಂಡು ಬಂದಿದ್ದಾನೆ. ಇತ್ತು. ಅವನ ಹತ್ತಿರ ಮಾತಾಡ್ಬೇಕು ಅಂದಳು. ಸ್ಪೀಕರ್ ಹಾಕಿ ಅವಳ ಕಿವಿ ಹತ್ತಿರ ಹಿಡಿದೆ. ರಿಂಗ್ ಆಗಿ ನಿಂತಿತು. ಇನ್ನೊಂದ್ಸಲ ಮಾಡು ಅಂದಳು. ಹದಿನಾಲ್ಕು ಸಲ ನಾನಾಗಿ ಮಾಡಿದ್ದಲ್ಲ. ಹದಿನಾಲ್ಕು ಸಲ ಅವಳು ಮಾಡು ಅಂದಳು."

ನಾನು ಅವನ ಭುಜದ ಮೇಲೆ ಕೈ ಇಟ್ಟೆ. ಅವನು ಕಾರಿನ ಬಾಗಿಲು ತೆಗೆದು ಇಳಿದ. ನನ್ನ ಜೊತೆ ಒಳಗೆ ಬಂದು ಹಿಂದುಗಡೆ ಗೋಡೆಗೆ ಒರಗಿ ನಿಂತ. ಏಳು ವರ್ಷದಲ್ಲಿ ಅವನು ನೋಡಿದ ಮೊದಲ ಆಟ ಅದಂತೆ.

ನಲವತ್ತೈದು ನಿಮಿಷ ಇಡೀ ಸಭಾಂಗಣ ಒಂದು ಗೋಲಿಗಾಗಿ ಬೇಡಿಕೊಂಡಿತು. ಕೊನೆಯ ನಿಮಿಷದಲ್ಲಿ ಗೋಲು ಬಂತು, ಎದುರಾಳಿಗೆ. ಮುಗಿಯಿತು. ಜನ ಕುರ್ಚಿ ಮಡಚಿಟ್ಟು ಕೆಲಸಕ್ಕೆ ಹೊರಟರು.

ಅಷ್ಟರಲ್ಲಿ ನನ್ನ ಫೋನ್ ರಿಂಗಾಯಿತು. ಮಿಲೊರಾಡ್. ಕಾಯಿಲೆಯ ರಜೆಯಲ್ಲಿದ್ದವನಿಗೆ ನಿದ್ದೆ ಬಂದಿರಲಿಲ್ಲ. ಕಟ್ಟುಪಾಡು ಮುರಿದು ಒಬ್ಬನೇ ಕೂತು ನೇರವಾಗಿ ನೋಡಿದ್ದ. "ಎರಡನೇ ಗೋಲು ನೋಡಿದೆಯಾ? ನೋಡಿದೆಯಾ?" ಎಂದು ಕೂಗುತ್ತಿದ್ದ. ನಾನು ಫೋನನ್ನು ನಿಕೊಲಾನ ಮುಂದೆ ಹಿಡಿದೆ. ಅವನು ಅದನ್ನು ನೋಡಿದ, ನನ್ನನ್ನು ನೋಡಿದ. ತೆಗೆದುಕೊಂಡ.

"ತಾತಾ," ಎಂದ. ಅವರಲ್ಲಿ ಅಪ್ಪನನ್ನು ಹಾಗೆ ಕರೆಯುತ್ತಾರೆ.

ಆ ಕಡೆಯ ಕೂಗು ನಿಂತಿತು. ಆಮೇಲೆ ಮಾತು ಶುರುವಾಯಿತು. ನನಗೆ ಸೆರ್ಬಿಯನ್ ಬಾರದಿದ್ದರೂ ಕೋಚ್, ಕಾರ್ನರ್, ಆಫ್‌ಸೈಡ್ ಅರ್ಥವಾಗುತ್ತವೆ. ನಿಕೊಲಾ ಗಾಳಿಯಲ್ಲಿ ಕೈಯಿಂದ ಡಿಫೆನ್ಸಿನ ಸಾಲು ಎಳೆದು ತೋರಿಸಿದ, ಫೋನಿನಲ್ಲಿ ಅದು ಕಾಣುತ್ತದೆ ಎಂಬಂತೆ. ಒಮ್ಮೆ ನಕ್ಕ ಕೂಡ. ನಾನು ದೂರ ಹೋಗಿ ನಿಂತೆ. ನನ್ನ ಕಣ್ಣು ತುಂಬಿತ್ತು. ಸೆರ್ಬಿಯಾ ಇನ್ನೂ ಹತ್ತು ಗೋಲಿನಿಂದ ಸೋತಿದ್ದರೂ ನನಗೆ ಚಿಂತೆ ಇರಲಿಲ್ಲ.

ಅವನು ಫೋನ್ ವಾಪಸು ಕೊಟ್ಟ.

"ಟಿಕೆಟ್ ನೋಡೋಣವಾ? ಭಾನುವಾರಕ್ಕೆ?" ಎಂದೆ.

"ನಾನು ಬರೋದಿಲ್ಲ ಚಿಕಾ."

"ಅಷ್ಟು ಹೊತ್ತು ಮಾತಾಡಿದಿರಲ್ಲ! ಏನು ಮಾತಾಡಿದಿರಿ?"

"ಎರಡನೇ ಗೋಲು." ಅವನು ಎಡಗಣ್ಣು ಸಣ್ಣ ಮಾಡಿದ. "ಅಮ್ಮನ ಹೆಸರು ಒಂದು ಸಲ ಹೇಳ್ತಾನಾ ಅಂತ ಕಾಯ್ತಾ ಇದ್ದೆ. ಕ್ಷಮೆ ಬೇಡ. ಹೆಸರು ಹೇಳಿದ್ದರೆ ನಿಮ್ಮ ಜೊತೇಲೇ ಹೊರಡ್ತಿದ್ದೆ."

"ನಾನು ಅವನಿಗೆ ಹೇಳ್ತೀನಿ. ಈಗಲೇ ಫೋನ್ ಮಾಡ್ತೀನಿ."

"ಮಾಡ್ಬೇಡಿ. ನೀವು ಹೇಳಿಕೊಟ್ಟು ಅವನು ಹೇಳಿದರೆ ಅದು ನಿಮ್ಮ ಮಾತಾಗುತ್ತೆ. ಹಾಗೆ ಮಾಡಿದ್ರೆ ನಿಮ್ಮ ಜೊತೆಗೂ ಮಾತಾಡೋದಿಲ್ಲ." ಗಟ್ಟಿಯಾಗಿ ಹೇಳಲಿಲ್ಲ. ಗಟ್ಟಿಯಾಗಿ ಹೇಳಿದ್ದರೆ ನಾನೂ ಜಗಳವಾಡುತ್ತಿದ್ದೆ.

ಮತ್ತೆ ಪರ್ತ್, ಸೋಮವಾರ

ಬೆಳಿಗ್ಗೆ ಏಳಕ್ಕೆ ಮಿಲೊರಾಡ್ ಆಸ್ಪತ್ರೆಯ ಹಸಿರು ಅಂಗಿಯಲ್ಲಿ ಮಂಚದ ಮೇಲೆ ಕೂತಿದ್ದ. ಎದೆ ಬೋಳಿಸಿದ್ದರು. ಅಷ್ಟು ಖುಷಿಯಾಗಿ ನಾನು ಅವನನ್ನು ಬಹರೈನಿನಲ್ಲೂ ನೋಡಿರಲಿಲ್ಲ. ಶನಿವಾರ ಭಾನುವಾರವೂ ಹಾಗೇ ಇದ್ದ. ಬ್ರಾಂಕೊನಿಗೆ, ವೆರಾಳಿಗೆ, ಪಕ್ಕದ ಮನೆಯವರಿಗೆ, ರಕ್ತ ತೆಗೆಯಲು ಬಂದ ನರ್ಸಿಗೆ ಮಗ ಮಾತಾಡಿದ್ದನ್ನು, ಇನ್ನು ಸೋಮವಾರ ಬಂದೇ ಬರುತ್ತಾನೆ ಎಂದು ತಾನೇ ತೀರ್ಮಾನಿಸಿಕೊಂಡದ್ದನ್ನು ಹೇಳಿಯಾಗಿತ್ತು. ನಾನು ಎರಡು ದಿನ ಬಾಯಿ ತೆರೆದು ಮುಚ್ಚಿದ್ದೆ. ಅವನಿಗೆ ಆತಂಕ ಆಗದಂತೆ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿದ್ದು ನನಗೆ ಒಳ್ಳೆಯ ನೆಪವಾಯಿತು.

"ನಿಕೊಲಾ ಹೇಳಿದ್ದು ನೂರಕ್ಕೆ ನೂರು ಸರಿ," ಎಂದ. "ಆ ಡಿಫೆಂಡರ್ ಎರಡು ಹೆಜ್ಜೆ ಮುಂದೆ ಬರಬಾರದಿತ್ತು. ಆಟ ನೋಡೋದು ಅವನಿಗೆ ನಾನೇ ಕಲಿಸಿದ್ದು."

ನಾನು ತಲೆಯಾಡಿಸಿದೆ.

ಅವನು ದನಿ ತಗ್ಗಿಸಿದ. "ಮಿರಾ ವಿಷಯ ಬಾಯಿ ತುದಿವರೆಗೆ ಬಂದಿತ್ತು. ಆ ಸಂಜೆ ಬಗ್ಗೆ ಹೇಳ್ಬೇಕು ಅಂತ. ಆದರೆ ಅವನು ಅಷ್ಟು ಚೆನ್ನಾಗಿ ಗೋಲಿನ ಬಗ್ಗೆ ಮಾತಾಡ್ತಿದ್ದ, ಯಾಕೆ ಕೆಡಿಸ್ಲಿ ಅಂತ ಸುಮ್ಮನಾದೆ. ಎದುರಿಗೆ ಕೂತು ಹೇಳೋ ಮಾತು ಅದು. ಇವತ್ತು ಬರ್ತಾನಲ್ಲ, ಹೇಳ್ತೀನಿ."

ಆ ಮೂರು ತಿಂಗಳಲ್ಲಿ ಅವನ ಬಾಯಿಂದ ಹೆಂಡತಿಯ ಹೆಸರು ನಾನು ಕೇಳಿದ್ದು ಅದೇ ಮೊದಲು. ಮೂರು ದಿನ ತಡವಾಗಿ, ತಪ್ಪು ಕಿವಿಗೆ.

ಅವನನ್ನು ಒಯ್ಯಲು ಇಬ್ಬರು ಬಂದರು. ಮಂಚದ ಚಕ್ರ ತಿರುಗುವಾಗ ಕೇಳಿದ: "ಅವನ ವಿಮಾನ ಎಷ್ಟು ಗಂಟೆಗೆ?"

ನಾನು ಸತ್ಯ ಹೇಳಬಹುದಿತ್ತು. ಮೈದಾನದಲ್ಲಿ ಸಾವಿರ ಜನ ಬೈಯುತ್ತಿರುವಾಗ ಪೆನಾಲ್ಟಿ ಕೊಟ್ಟವನು ನಾನು. "ಸಂಜೆ ಐದಕ್ಕೆ ಇಳಿಯುತ್ತದೆ. ಆರಕ್ಕೆಲ್ಲ ಇಲ್ಲಿರ್ತಾನೆ," ಎಂದೆ. ಅವನು ಹೆಬ್ಬೆರಳು ಎತ್ತಿ ತೋರಿಸಿ ಒಳಗೆ ಹೋದ.

ಹೊರಗೆ ಬಂದು ನಿಕೊಲಾನಿಗೆ ಫೋನ್ ಮಾಡಿದೆ. ಎತ್ತಿದ. ಅಪ್ಪ ಹೆಸರು ಹೇಳಿದ್ದನ್ನು ತಿಳಿಸಿದೆ, ಇವತ್ತೇ ಹೊರಡು ಎಂದೆ, ಕೈ ಮುಗಿಯುತ್ತೇನೆ ಎಂದೆ. ಅವನ ಹಿಂದೆ ಕಾರ್ಖಾನೆಯ ಯಂತ್ರಗಳ ಸದ್ದಿತ್ತು.

"ನಿಮಗೆ ಹೇಳಿದ ಚಿಕಾ. ನನಗೆ ಹೇಳ್ಲಿಲ್ಲ," ಎಂದು ಇಟ್ಟುಬಿಟ್ಟ.

ಮಧ್ಯಾಹ್ನ ಎರಡರ ಹೊತ್ತಿಗೆ ವೀಣಾ ಕ್ಯಾಂಟೀನಿಗೆ ಹುಡುಕಿಕೊಂಡು ಬಂದಳು. ಅದೇ ಆಸ್ಪತ್ರೆಯಲ್ಲಿ ಅವಳ ಕೆಲಸ. "ಎಲ್ಲ ಚೆನ್ನಾಗಾಯ್ತಂತೆ ಅಂಕಲ್. ಸಂಜೆ ಆರರ ಸುಮಾರಿಗೆ ಎಚ್ಚರ ಆಗ್ಬಹುದು. ನೀವು ಪಕ್ಕದಲ್ಲೇ ಇದ್ಬಿಡಿ. ಕಣ್ಣು ಬಿಟ್ಟ ತಕ್ಷಣ ಗೊತ್ತಿರೋ ಮುಖ ಕಂಡ್ರೆ ಅವರಿಗೂ ಧೈರ್ಯ."

ಇರ್ತೀನಿ ಎಂದೆ. ಐದರವರೆಗೆ ಇದ್ದೆ. ಗಾಜಿನ ಆಚೆ ಅವನು ಕೊಳವೆಗಳ ನಡುವೆ ಮಲಗಿದ್ದ. ಮಂಚದ ಪಕ್ಕ ಒಂದು ಖಾಲಿ ಕುರ್ಚಿ ಇತ್ತು. ನರ್ಸು ಅದರಲ್ಲಿ ಕೂರಬಹುದು ಎಂದು ಸನ್ನೆ ಮಾಡಿದಳು. ಅವನು ಕಣ್ಣು ಬಿಟ್ಟಾಗ ಅಲ್ಲಿ ನಿಕೊಲಾನ ಬದಲು ನನ್ನ ಮುಖ ಇರುವುದನ್ನು ಯೋಚಿಸಿದೆ. ಬ್ರಾಂಕೊನಂಥವನೇ ನನ್ನ ಮುಖ ಓದುತ್ತಾನೆ, ಇವನಿಗೆ ಎಷ್ಟು ಹೊತ್ತು ಬೇಕು. ಐದೂವರೆಯ ರೈಲು ಹಿಡಿದು ಥಾರ್ನ್ಲಿಗೆ ಬಂದುಬಿಟ್ಟೆ. ನಾಚಿಕೆಯಾಗುತ್ತದೆ, ಆದರೆ ಆದದ್ದು ಇದು. ಇದನ್ನು ಬರೆಯದೆ ಹಡಗು, ಹಕ್ಕಿ, ಹೂವಿನ ಬಗ್ಗೆ ಬರೆದರೆ ಅದು ಪ್ರವಾಸದ ಕಥೆಯಾಗುವುದಿಲ್ಲ.

ವೀಣಾ ಡ್ಯೂಟಿ ಮುಗಿಸಿ ಬಂದಾಗ ನಾನು ಅವಳ ಮಗಳ ಜೊತೆ ಕೂತು ಟಿವಿ ನೋಡುವವನ ಹಾಗೆ ನಟಿಸುತ್ತಿದ್ದೆ. ಅವಳು ಚೀಲ ಕೆಳಗಿಟ್ಟಳು. ಯಾಕೆ ಬಂದುಬಿಟ್ಟಿರಿ ಎಂದು ಕೇಳಲಿಲ್ಲ.

"ಎಚ್ಚರ ಆಯ್ತಾ?" ಎಂದೆ.

"ಆಯ್ತು. ನಾನೇ ಪಕ್ಕದಲ್ಲಿ ನಿಂತಿದ್ದೆ. ಮೊದಲು ಕೇಳಿದ್ದೇ ಟೈಮ್ ಎಷ್ಟು ಅಂತ. ಏಳೂಕಾಲು ಅಂದೆ." ಅವಳು ಕೂದಲಿನ ಕ್ಲಿಪ್ ತೆಗೆದು ಮೇಜಿನ ಮೇಲಿಟ್ಟಳು. "ಆ ಖಾಲಿ ಕುರ್ಚಿ ಕಡೆ ಒಂದ್ಸಲ ನೋಡಿದ್ರು. ಆಮೇಲೆ ಕಣ್ಣು ಮುಚ್ಕೊಂಡ್ರು, ಇನ್ನೇನೂ ಕೇಳ್ಲೇ ಇಲ್ಲ ಅಂಕಲ್."